ನಲ್ಲಿಯ ಸಾಲಿನಲ್ಲಿ ನಿಂತಿದ್ದ ಅರವತ್ತೊಂದು ಬಿಂದಿಗೆಗಳನ್ನು ರಾಜ್ಯದ ಪ್ಲಾಸ್ಟಿಕ್ ಉತ್ಪನ್ನವೆಂದು ಎಣಿಸಿದ ಬಗ್ಗೆ

ಸಂಖ್ಯೆ: ಪ್ಲಾರ/ಅಳತೆ/61/1974-75
ಬೆಂಗಳೂರು, ದಿನಾಂಕ 24-3-1975

(ಇಲಾಖೆಯ ಹೆಸರುಳ್ಳ ಮೊಹರು ರಬ್ಬರಿನದಾಗಿದ್ದು ಸದ್ಯ ಎಣಿಕೆಯಲ್ಲಿದೆ. ಅದು ಬಿಡುಗಡೆಯಾಗುವವರೆಗೆ ಇಲಾಖೆಯು ಹೆಸರಿಲ್ಲದೆಯೇ ಕಾರ್ಯ ನಿರ್ವಹಿಸುತ್ತದೆ. ಕಂಡಿಕೆ 11 ನೋಡುವುದು.)

ಸುತ್ತೋಲೆ

ವಿಷಯ: ರಾಜ್ಯದ ಪ್ಲಾಸ್ಟಿಕ್ ಮತ್ತು ರಬ್ಬರು ತಯಾರಿಕೆಯ ವಾರ್ಷಿಕ ಅಳತೆ, ರಾಜಾಜಿನಗರದ ನಲ್ಲಿಯೊಂದರ ಬಳಿ ಕಂಡುಬಂದ ಹೆಚ್ಚುವರಿ ಉತ್ಪನ್ನ, ತತ್ಸಂಬಂಧ ಬಿಂದಿಗೆಗಳನ್ನು ಎತ್ತುವ, ಎತ್ತದಿರುವ ಕುರಿತು.

ಉಲ್ಲೇಖ:
1) ಹಂಗಾಮಿ ಗಣತಿದಾರ ಶ್ರೀ ಗುರುಸಿದ್ದಯ್ಯನವರು 6-3-75ರಂದು ಸಲ್ಲಿಸಿದ ನಮೂನೆ 7.
2) ತಪಾಸಣಾಧಿಕಾರಿ ಶ್ರೀ ಕರಿಬಸಪ್ಪನವರ 15-3-75ರ ತೂಕದ ವರದಿ.
3) ಅದೇ ಗುರುಸಿದ್ದಯ್ಯನವರ 18-3-75ರ ತಿದ್ದುಪಡಿ ಪತ್ರ.
4) ಶ್ರೀಮತಿ ಕಲ್ಯಾಣಮ್ಮ ಮತ್ತು ಇತರ ಅರವತ್ತು ಮಂದಿ ಬಾಯಿಮಾತಿನಲ್ಲಿ ಸಲ್ಲಿಸಿದ ಮನವಿ. (ಇದರ ಕೆಲವು ಪದಗಳನ್ನು ಕಡತದಲ್ಲಿ ಇಡಲು ಬಾರದು.)
5) ಸ್ಥಳದಲ್ಲಿರುವ ನಲ್ಲಿ.

ರಾಜ್ಯದಲ್ಲಿ ವರ್ಷಕ್ಕೆ ಎಷ್ಟು ಪ್ಲಾಸ್ಟಿಕ್, ಎಷ್ಟು ರಬ್ಬರು ತಯಾರಾಗುತ್ತದೆ ಎಂಬುದನ್ನು ಅಳೆದು ಮೇಲಕ್ಕೆ ತಿಳಿಸುವುದು ಈ ಇಲಾಖೆಯ ಕರ್ತವ್ಯವಾಗಿರುತ್ತದೆ. ಈ ಸಾಲಿನಲ್ಲಿ ಸ್ವಲ್ಪ ಹೆಚ್ಚಾಗಿಯೇ ಅಳೆದಿರುವುದು ಗಮನಕ್ಕೆ ಬಂದಿದೆ. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವುದು ಇಲಾಖೆಯ ವ್ಯಾಪ್ತಿಯಲ್ಲಿ ಇಲ್ಲದ ಕಾರಣ, ನಡೆದದ್ದೇನು, ಇನ್ನು ನಡೆಯಬೇಕಾದದ್ದೇನು ಎಂಬುದನ್ನು ಸಿಬ್ಬಂದಿಯವರಿಗೂ ಸದರಿ ನಲ್ಲಿಯ ಬಳಕೆದಾರರಿಗೂ ಈ ಮೂಲಕ ವಿವರಿಸಲಾಗಿದೆ.

1. ಶ್ರೀ ಗುರುಸಿದ್ದಯ್ಯನವರು (ವಯಸ್ಸು 28) ನಾಲ್ಕು ವರ್ಷಗಳಿಂದ ಈ ಇಲಾಖೆಯಲ್ಲಿ ಹಂಗಾಮಿ ಗಣತಿದಾರರು. ಬಿನ್ನಿಪೇಟೆಯ ಒಂದು ಕಾರ್ಖಾನೆಯಲ್ಲಿ ಮೂರು ಚೀಲ ಪ್ಲಾಸ್ಟಿಕ್ ಗುಂಡಿಗಳನ್ನು ಎಣಿಸಿ, ಎರಡು ಗುಂಡಿ ಕಡಿಮೆ ಬಂದವೆಂದು ಮತ್ತೆ ಮೊದಲಿನಿಂದ ಎಣಿಸಿ, ಕೊನೆಗೆ ಆ ಎರಡು ತಮ್ಮ ಅಂಗಿಯ ಮಡಿಕೆಯಲ್ಲಿ ಸಿಕ್ಕವೆಂದು ತಾವೇ ಷರಾ ಬರೆದವರು ಇವರು. ಇವರ ಹಂಗಾಮಿ ಅವಧಿ 31-3-75ಕ್ಕೆ ಮುಗಿಯುತ್ತದೆ. ಇವರನ್ನು ಖಾಯಂ ಮಾಡುವ ಕಡತ ಸಿದ್ಧವಾಗಿದ್ದು, ಅದಕ್ಕೆ ಇರುವುದು ಒಂದೇ ಷರತ್ತು: ಕೊನೆಯ ಹನ್ನೆರಡು ತಿಂಗಳಲ್ಲಿ ಇವರು ಕೊಟ್ಟ ಯಾವ ಅಂಕಿಗೂ ತಿದ್ದುಪಡಿ ಬಂದಿರಕೂಡದು. ಹನ್ನೊಂದು ತಿಂಗಳು ಬಂದಿರಲಿಲ್ಲ.

2. ಸಿಬ್ಬಂದಿಯ ಮನೆಯ ವಿಚಾರ ಇಲಾಖೆಗೆ ಸಂಬಂಧಿಸಿದ್ದಲ್ಲ. ಆದರೂ ಮುಂದಿನ ಕಂಡಿಕೆಗಳು ಅರ್ಥವಾಗಬೇಕಾದ್ದರಿಂದ ತಿಳಿಸುವುದೇನೆಂದರೆ, ಗುರುಸಿದ್ದಯ್ಯನವರು ಕೈಗಾರಿಕಾ ಪ್ರಾಂಗಣದ ಹಿಂದಿನ ವಠಾರದಲ್ಲಿ ವಾಸವಾಗಿದ್ದಾರೆ. ಅವರ ಪತ್ನಿ ಶ್ರೀಮತಿ ಶಾಂತವ್ವನವರಿಗೆ ಈಗ ಎಂಟು ತಿಂಗಳು. ವಠಾರದ ನಲ್ಲಿ ಮಾರ್ಚ್ ಒಂದರಂದು ಬತ್ತಿಹೋಗಿ, ಅವರು ನೀರಿಗೆಂದು ಇನ್ನೂರು ಹೆಜ್ಜೆ ಆಚೆಗಿನ ಪ್ಲಾಸ್ಟಿಕ್ ಕಾರ್ಖಾನೆಯ ಪಕ್ಕದ ನಲ್ಲಿಗೆ ಹೋಗತೊಡಗಿದರು. ಈ ಬಗ್ಗೆ ಗಂಡನಿಗೆ ಮುಂಚಿತವಾಗಿ ತಿಳಿಸಲಾಗಿತ್ತೇ ಎಂದು ಕೇಳಿದ್ದಕ್ಕೆ ಅವರ ಹೇಳಿಕೆ, ಅವರ ಮಾತಿನಲ್ಲೇ:

"ಊಟಕ್ಕೆ ಕೂತಾಗ ಹೇಳಿದ್ದೆ ಸಾರ್. ವಠಾರದ ನಲ್ಲಿ ನಿಂತೋಯ್ತು, ನಾಳೆಯಿಂದ ಫ್ಯಾಕ್ಟರಿ ನಲ್ಲಿಗೆ ಹೋಗ್ತೀನಿ ಅಂತ. ಹ್ಞೂಂ ಅಂದ್ರು. ಅವರು ಮನಸ್ಸಲ್ಲಿ ಎಣಿಸ್ತಾ ಇರೋವಾಗ ಯಾರು ಏನ್ ಹೇಳಿದ್ರೂ ಹ್ಞೂಂ ಅಂತಾರೆ."

ಆ 'ಹ್ಞೂಂ' ಅನ್ನು ಸ್ವೀಕೃತಿ ಪತ್ರವೆಂದು ಪರಿಗಣಿಸಲು ಇಲಾಖೆಗೆ ಸಾಧ್ಯವಾಗಿಲ್ಲ.

3. ಸದರಿ ನಲ್ಲಿಯು ಶ್ರೀ ಚನ್ನಮಲ್ಲಪ್ಪನವರ ಪ್ಲಾಸ್ಟಿಕ್ ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡಂತೆ ಇದೆ. ದಿನವೂ ಸಂಜೆ ನಾಲ್ಕರಿಂದ ಐದರವರೆಗೆ ನೀರು ಬರುತ್ತದೆ. ನೀರು ಬರುವುದು ನಾಲ್ಕಕ್ಕಾದರೂ ಬಿಂದಿಗೆಗಳು ಬೆಳಿಗ್ಗೆ ಏಳಕ್ಕೇ ಬಂದು ನಿಲ್ಲುತ್ತವೆ; ಮನುಷ್ಯರು ತಂತಮ್ಮ ಕೆಲಸಕ್ಕೆ ಹೋಗುತ್ತಾರೆ. ಬಿಂದಿಗೆ ನಿಂತರೆ ಅದರ ಯಜಮಾನಿಯೇ ನಿಂತ ಹಾಗೆ ಎಂಬುದು ಯಾವ ಗೆಜೆಟ್ಟಿನಲ್ಲೂ ಪ್ರಕಟವಾಗದೆ ಈ ಊರಿನ ಎಲ್ಲ ನಲ್ಲಿಗಳಲ್ಲೂ ಜಾರಿಯಲ್ಲಿರುವ ಕಾನೂನು. ಅದನ್ನು ಮೀರಿದವರನ್ನು ಮೊದಲನೆಯ ಬಿಂದಿಗೆಯ ಶ್ರೀಮತಿ ಕಲ್ಯಾಣಮ್ಮನವರು ವಿಚಾರಿಸಿಕೊಳ್ಳುತ್ತಾರೆ.

ಹಿಂದೆ ಈ ಸಾಲಿನಲ್ಲಿ ಹಿತ್ತಾಳೆ, ಅಲ್ಯುಮಿನಿಯಂ, ಎಣ್ಣೆ ಡಬ್ಬ ಎಲ್ಲ ಬೆರೆತು ನಿಲ್ಲುತ್ತಿದ್ದವು. ಕಳೆದ ಆಯುಧಪೂಜೆಯಂದು ಚನ್ನಮಲ್ಲಪ್ಪನವರು ಯಂತ್ರಗಳ ಮುಂದೆ ಬೂದುಗುಂಬಳ ಒಡೆಸಿ, ಕೆಲಸಗಾರರಿಗೂ ಸುತ್ತಲಿನ ಮನೆಯವರಿಗೂ ಕಡಲೆಪುರಿ ಹಂಚುವಾಗ, ಪೊಟ್ಟಣ ಕಟ್ಟುವುದು ಹಳೆಯದಾಯಿತೆಂದು ತಮ್ಮದೇ ಕಾರ್ಖಾನೆಯ ಒಂದೊಂದು ಹಸಿರು ಬಿಂದಿಗೆಯಲ್ಲಿ ತುಂಬಿ ಕೊಟ್ಟರು. ಪುರಿ ಎರಡು ದಿನಕ್ಕೆ ಮುಗಿಯಿತು, ಬಿಂದಿಗೆ ಉಳಿಯಿತು. ಹಿತ್ತಾಳೆಯ ಭಾರಕ್ಕೆ ಸೊಂಟ ಸವೆದವರೆಲ್ಲ ನಲ್ಲಿಗೆ ಇದನ್ನೇ ತರತೊಡಗಿದರು. ಹೀಗೆ ಸಾಲು ಈ ತುದಿಯಿಂದ ಆ ತುದಿಯವರೆಗೆ ಹಸಿರಾಯಿತು.

4. ದಿನಾಂಕ 6-3-75ರಂದು ಮಧ್ಯಾಹ್ನ ಮೂರೂವರೆಗೆ ಗುರುಸಿದ್ದಯ್ಯನವರು ನಮೂನೆ 7, ಒಂದು ಡಬ್ಬಿ ಕೆಂಪು ಬಣ್ಣ ಮತ್ತು ಕುಂಚದೊಂದಿಗೆ ಸದರಿ ಕಾರ್ಖಾನೆಗೆ ಬಂದರು. ಕರೆಂಟು ಹೋಗಿ ಕೆಲಸಗಾರರು ಚಹಾಕ್ಕೆ ಹೋಗಿದ್ದರು. ಗೇಟು ಮುಚ್ಚಿತ್ತು. ಗೇಟಿನಿಂದ ಗೋಡೆಯುದ್ದಕ್ಕೂ ಒಂದೇ ಅಚ್ಚಿನ, ಒಂದೇ ಬಣ್ಣದ ಬಿಂದಿಗೆಗಳು ಸಾಲಾಗಿ ನಿಂತಿದ್ದವು. ನಮೂನೆಯ ಹನ್ನೆರಡನೆಯ ಪ್ರಶ್ನೆ, 'ತಯಾರಾದ ಮಾಲನ್ನು ಎಣಿಸಲು ಅನುಕೂಲವಾಗುವಂತೆ ಜೋಡಿಸಿಡಲಾಗಿದೆಯೇ?' ಹೌದು ಎಂದು ಬರೆದರು. ಹದಿಮೂರು, 'ಎಲ್ಲವೂ ಒಂದೇ ಅಚ್ಚಿನವೇ?' ಹೌದು. ಹದಿನಾಲ್ಕು, 'ನೀರು ತುಂಬಿಸಿ ಸೋರಿಕೆ ಪರೀಕ್ಷಿಸುವ ವ್ಯವಸ್ಥೆ ಇದೆಯೇ?' ಅವರು ಸಾಲಿನ ತುದಿಯವರೆಗೆ ನಡೆದು ನಲ್ಲಿಯನ್ನು ನೋಡಿ, 'ಇದೆ, ಅತ್ಯುತ್ತಮವಾಗಿದೆ' ಎಂದು ಬರೆದರು.

ಬಳಿಕ ನಲ್ಲಿಯ ಕಡೆಯಿಂದ ಒಂದೊಂದರ ಹೊಟ್ಟೆಯ ಮೇಲೂ ಕೆಂಪು ಬಣ್ಣದಲ್ಲಿ ಕ್ರಮಸಂಖ್ಯೆ ಬರೆದರು. ಒಟ್ಟು ಅರವತ್ತೊಂದು. ಏಳನೆಯದರ ಕಂಠಕ್ಕೆ ಗುರುತಿಗೆಂದು ಒಂದು ಹಳದಿ ದಾರ ಕಟ್ಟಿದ್ದು ಕಂಡು, 'ವಿಶೇಷ ಗುಣಮಟ್ಟ' ಎಂದು ಷರಾ ಹಾಕಿದರು. ಆ ದಾರವನ್ನು ಕಟ್ಟಿದವರು ಅವರ ಶ್ರೀಮತಿಯವರೇ ಎಂಬುದು ಆಗ ಅವರಿಗೆ ಗೊತ್ತಿರಲಿಲ್ಲ.

5. ರಾಜ್ಯದ ಎಲ್ಲ ಕಾರ್ಖಾನೆಗಳಿಗೂ ಹೋಗಿ ಎಣಿಸಲು ಇಲಾಖೆಯಲ್ಲಿ ಇರುವುದು ಒಂದೇ ಜೀಪು. ಅದೂ ತಳ್ಳಿದರೆ ಹೊರಡುವಂಥದ್ದು. ಆದ್ದರಿಂದ ಆಯ್ದ ಕೆಲವು ಕಾರ್ಖಾನೆಗಳಲ್ಲಿ ಮಾತ್ರ ಎಣಿಸಿ, ಬಂದದ್ದನ್ನು 412ರಿಂದ ಗುಣಿಸುವುದು ರೂಢಿ. ಅಂದರೆ ರಾಜಾಜಿನಗರದಲ್ಲಿ ಒಂದು ಬಿಂದಿಗೆ ಇದೆ ಎಂದರೆ ರಾಜ್ಯದಲ್ಲಿ ನಾನೂರ ಹನ್ನೆರಡು ಇವೆ. ಈ ಪ್ರಕಾರ ಅರವತ್ತೊಂದು ಬಿಂದಿಗೆಗಳು ರಾಜ್ಯಮಟ್ಟದಲ್ಲಿ 25,132 ಬಿಂದಿಗೆಗಳಾದವು. ಇವುಗಳನ್ನು ಯಾರೂ ನೋಡಿಲ್ಲವಾದರೂ ಲೆಕ್ಕದಲ್ಲಿ ಇವೆ.

6. ಎಣಿಸಿದ ಮಾಲನ್ನು ತಪಾಸಣಾಧಿಕಾರಿಯು ಬಂದು ನೋಡುವವರೆಗೆ ಸ್ಥಳದಿಂದ ಕದಲಿಸಕೂಡದು ಎಂಬುದು ನಿಯಮ. ಕದಲಿಸಿದಲ್ಲಿ, ಉದಾಹರಣೆಗೆ ಏಳನೆಯ ಬಿಂದಿಗೆಯನ್ನು ಎತ್ತಿದಲ್ಲಿ, ರಾಜ್ಯವು ಒಂದೇ ಏಟಿಗೆ 412 ಬಿಂದಿಗೆಗಳನ್ನು ಕಳೆದುಕೊಳ್ಳುತ್ತದೆ. ಆದ್ದರಿಂದ ಅಂದೇ ನಾಲ್ಕು ಗಂಟೆಗೆ ಜವಾನರೊಬ್ಬರನ್ನು ಕೋಲು ಸಮೇತ ಕಾವಲಿಗೆ ಹಾಕಲಾಯಿತು. ನೀರು ಬಂತು. ಬಿಂದಿಗೆ ಎತ್ತಬಾರದೆಂದು ಜವಾನರು ಹೇಳಿದ ಮೇಲೆ ಅರವತ್ತೊಂದು ಮಂದಿ ಏನೇನೆಂದರು ಎಂಬುದಕ್ಕೆ ಉಲ್ಲೇಖ 4 ನೋಡುವುದು.

ಆ ಸಂಜೆ ದೀಪ ಹಚ್ಚುವ ಹೊತ್ತಿಗೆ ಗುರುಸಿದ್ದಯ್ಯನವರು ಮನೆಗೆ ಬಂದಾಗ ಪತ್ನಿಯು ಬರಿಯ ಚೊಂಬು ಹಿಡಿದು ಹೊಸ್ತಿಲಲ್ಲಿ ಕುಳಿತಿದ್ದರು. "ಯಾರೋ ಸರ್ಕಾರದವನು ಬಂದು ನನ್ನ ಬಿಂದಿಗೆ ಮೇಲೆ ಏಳು ಅಂತ ಬಳಿದು ಹೋಗಿದಾನೆ. ಎತ್ತಬಾರದಂತೆ. ಅವನ ಮನೆ ಹಾಳಾಗ" ಎಂದು ಅವರು ಹೇಳಿದರು. ಅದೇ ಮನೆಯೊಳಗೆ ಕಾಲಿಡುತ್ತಿದ್ದ ಗುರುಸಿದ್ದಯ್ಯನವರು ಉಗುರಿನಲ್ಲಿದ್ದ ಕೆಂಪು ಬಣ್ಣ ಕಾಣದಂತೆ ಬೆರಳು ಮಡಚಿಕೊಂಡರೆಂದು ತಿಳಿದುಬಂದಿದೆ. ಅಂದು ಅವರು ಊಟಕ್ಕೆ ಕುಳಿತದ್ದು ಹೌದು, ಉಂಡದ್ದು ಕಡಿಮೆ.

7. ತಪಾಸಣಾಧಿಕಾರಿ ಶ್ರೀ ಕರಿಬಸಪ್ಪನವರು ಕೆಂಗೇರಿಯಲ್ಲಿ ರಬ್ಬರು ಚಪ್ಪಲಿಗಳ ಪಟ್ಟಿ ಅಳೆಯುವುದರಲ್ಲಿ ಮಗ್ನರಾಗಿದ್ದು, ಇತ್ತ ಬರಲು ಒಂಬತ್ತು ದಿನ ಹಿಡಿಯಿತು. ಈ ಅವಧಿಗೆ ನಲ್ಲಿಯ ಬಳಕೆದಾರರ ಅನುಕೂಲಕ್ಕಾಗಿ ಇಲಾಖೆಯು ಈ ಕೆಳಗಿನ ರಿಯಾಯಿತಿಯನ್ನು ಉದಾರವಾಗಿ ನೀಡಿತು:

(ಅ) ಬಿಂದಿಗೆಯನ್ನು ಎತ್ತತಕ್ಕದ್ದಲ್ಲ. ಆದರೆ ಅದರೊಳಗಿನ ನೀರನ್ನು ಎತ್ತಬಹುದು.
(ಆ) ನಲ್ಲಿಗೂ ಬಿಂದಿಗೆಗೂ ನಡುವಿನ ಅಂತರವನ್ನು ಬಳಕೆದಾರರು ಹಳೆಯ ಸೈಕಲ್ ಟ್ಯೂಬುಗಳನ್ನು ಒಂದಕ್ಕೊಂದು ಕಟ್ಟಿ ತಾವೇ ನಿವಾರಿಸಿಕೊಳ್ಳಬಹುದು.
(ಇ) ತುಂಬಿದ ಬಿಂದಿಗೆಯಿಂದ ಚೊಂಬಿನಲ್ಲಿ ಮೊಗೆದು ಮನೆಗೆ ಒಯ್ಯಬಹುದು. ಚೊಂಬು ಹಿತ್ತಾಳೆಯದಿರಬೇಕು. ಪ್ಲಾಸ್ಟಿಕ್ಕಿನದಾದಲ್ಲಿ ಅದನ್ನೂ ಎಣಿಸಲಾಗುವುದು.

ಬೇರೆ ಪಾತ್ರೆ ತಂದು ಹೊಸ ಸಾಲು ಹಚ್ಚಬಹುದಿತ್ತಲ್ಲವೇ ಎಂದು ಕೇಳಿದ್ದಕ್ಕೆ ಕಲ್ಯಾಣಮ್ಮನವರು, "ಹೊಸ ಸಾಲಾದ್ರೆ ಹೊಸ ಜಗಳ ಸಾರ್. ಆರು ವರ್ಷದಿಂದ ನಾನು ಮೊದಲನೆಯವಳು. ನಿಮ್ಮ ಬಣ್ಣಕ್ಕೆ ಹೆದರಿ ಎರಡನೆಯವಳು ಆಗ್ತೀನಾ?" ಎಂದು ತಿಳಿಸಿರುತ್ತಾರೆ. ಒಂದು ಬಿಂದಿಗೆಗೆ ಹದಿನೈದು ಚೊಂಬು. ಶಾಂತವ್ವನವರು ಒಂದು ಕೈ ಸೊಂಟಕ್ಕೆ ಕೊಟ್ಟುಕೊಂಡು ಹದಿನೈದು ಸಲ ಹೋಗಿ ಹದಿನೈದು ಸಲ ಬರುತ್ತಿದ್ದರು.

8. ದಿನಾಂಕ 15-3-75ರಂದು ಕರಿಬಸಪ್ಪನವರು ತಕ್ಕಡಿಯೊಂದಿಗೆ ಬಂದು ಅರವತ್ತೊಂದನ್ನೂ ತಪಾಸಣೆ ಮಾಡಿದರು. ಸಂಖ್ಯೆ ಸರಿಯಾಗಿತ್ತು. ತೂಕದ ಅಂಕಣ ಖಾಲಿ ಇದ್ದುದರಿಂದ, ಆಗ ತಾನೇ ತುಂಬಿ ನಿಂತಿದ್ದ ಬಿಂದಿಗೆಗಳನ್ನು ತೂಗಿದರು. ತಪಾಸಣಾಧಿಕಾರಿಗೆ ಎತ್ತುವ ಅಧಿಕಾರವಿರುತ್ತದೆ. ಒಂದೊಂದೂ ಹದಿನೈದು ಮುಕ್ಕಾಲು ಕಿಲೋ. "ಅದರೊಳಗೆ ನೀರಿದೆ ಸಾರ್" ಎಂದು ನೆರೆದವರು ಹೇಳಿದರಾದರೂ, ನಮೂನೆಯಲ್ಲಿ ನೀರನ್ನು ಕಳೆಯುವ ಅಂಕಣ ಇಲ್ಲದ ಕಾರಣ ಅವರ ಮಾತನ್ನು ದಾಖಲಿಸಲು ಅವಕಾಶವಾಗಲಿಲ್ಲ.

ಬರಿಯ ಬಿಂದಿಗೆಯ ತೂಕ ಮುಕ್ಕಾಲು ಕಿಲೋ. ಹೀಗಾಗಿ ರಾಜ್ಯದ ಪ್ಲಾಸ್ಟಿಕ್ ಉತ್ಪನ್ನವು ಈ ಒಂದು ಬಾಬಿನಲ್ಲಿ 18,849 ಕಿಲೋ ಆಗುವ ಬದಲು 3,95,829 ಕಿಲೋ ಆಯಿತು. ಸರಿಯಾಗಿ ಇಪ್ಪತ್ತೊಂದು ಪಟ್ಟು. ಈ ಅಂಕಿಯು 17-3-75ರಂದು ಮೇಲಕ್ಕೆ ಹೋಗಿ, ಮೇಲಿನವರು ಬಹಳ ಸಂತೋಷಪಟ್ಟರು. 'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ' ಎಂಬ ಗಾದೆಯು ಈ ಇಲಾಖೆಯನ್ನು ಕುರಿತದ್ದಲ್ಲ ಎಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

9. ಮೇಲಕ್ಕೆ ಹೋದ ಅಂಕಿಯನ್ನು ಕಾಪಾಡುವುದು ಕೆಳಗಿನವರ ಹೊಣೆ; ಹೀಗಾಗಿ ತಪಾಸಣೆ ಮುಗಿದರೂ ಬಿಂದಿಗೆಗಳನ್ನು ಬಿಡಲಾಗಲಿಲ್ಲ. ಈಗ ಯಾರಾದರೂ ಒಂದು ಚೊಂಬು ನೀರು ಮೊಗೆದರೆ ರಾಜ್ಯದ ಪ್ಲಾಸ್ಟಿಕ್ ಉತ್ಪನ್ನ ನಾನೂರ ಹನ್ನೆರಡು ಕಿಲೋ ಇಳಿಯುತ್ತದೆ. ಆದ್ದರಿಂದ 17-3-75ರ ಮಧ್ಯಾಹ್ನದಿಂದ ಜಾರಿಗೆ ಬರುವಂತೆ ಹೀಗೆ ಆದೇಶಿಸಲಾಗಿತ್ತು:

(ಅ) ಒಂದು ಚೊಂಬು ತೆಗೆದವರು ಅಂದೇ ಒಂದು ಚೊಂಬು ಹಾಕತಕ್ಕದ್ದು. ಎಲ್ಲಿಂದ ತಂದು ಹಾಕಬೇಕು ಎಂಬುದು ಇಲಾಖೆಗೆ ಸಂಬಂಧಿಸಿದ್ದಲ್ಲ.
(ಆ) ಕಾಗೆಯು ಅಂಚಿನಲ್ಲಿ ಕುಳಿತು ಒಂದು ಗುಟುಕು ಕುಡಿದರೂ ರಾಜ್ಯಕ್ಕೆ ನಾನೂರ ಹನ್ನೆರಡು ಗುಟುಕು ನಷ್ಟ. ಜವಾನರು ಕಾಗೆಗಳಿಗೆ ಇದನ್ನು ಮನವರಿಕೆ ಮಾಡಿಕೊಡತಕ್ಕದ್ದು.
(ಇ) ಬಿಸಿಲಿಗೆ ಆವಿಯಾಗಿ ಹೋದದ್ದನ್ನು ಹೊರ ರಾಜ್ಯಕ್ಕೆ ರಫ್ತಾದ ಪ್ಲಾಸ್ಟಿಕ್ ಎಂದು ತೋರಿಸುವ ಪ್ರಸ್ತಾವ ಪರಿಶೀಲನೆಯಲ್ಲಿದೆ.
(ಈ) ಮಳೆ ಬಂದಲ್ಲಿ ಅದನ್ನು ಕೈಗಾರಿಕಾ ಪ್ರಗತಿ ಎಂದು ಬರೆದುಕೊಳ್ಳತಕ್ಕದ್ದು.

10. ರಬ್ಬರಿನ ಬಗ್ಗೆ. ಕಂಡಿಕೆ 7(ಆ)ರ ಪ್ರಕಾರ ಕಟ್ಟಿದ ಸೈಕಲ್ ಟ್ಯೂಬುಗಳು ರಬ್ಬರಿನವಾದ್ದರಿಂದ ಅವನ್ನೂ ಅಳೆಯಲಾಯಿತು. ಎಳೆಯದೆ ಅಳೆದಾಗ ನಲವತ್ತು ಗಜ, ಎಳೆದು ಅಳೆದಾಗ ಅರವತ್ತೈದು ಗಜ. ರಾಜ್ಯದ ಹಿತದೃಷ್ಟಿಯಿಂದ ಎಳೆದ ಅಳತೆಯನ್ನು ಅಂಗೀಕರಿಸಲಾಗಿದೆ. ಸಾಲಿನಲ್ಲಿ ಬಿಂದಿಗೆಯಿಲ್ಲದ ಇಬ್ಬರು ಗುರುತಿಗೆಂದು ಇಟ್ಟುಹೋಗಿದ್ದ ಒಂಟಿ ಹವಾಯಿ ಚಪ್ಪಲಿಗಳೆರಡೂ ಎಡಗಾಲಿನವು. ನಮೂನೆಯಲ್ಲಿ ಜೊತೆಗೆ ಮಾತ್ರ ಅಂಕಣವಿರುವುದರಿಂದ ಅವೆರಡನ್ನೂ ಒಂದು ಜೊತೆ ಎಂದು ಪರಿಗಣಿಸಲಾಗಿದೆ. ಇದನ್ನು 412ರಿಂದ ಗುಣಿಸಿದಾಗ ರಾಜ್ಯದಲ್ಲಿ 824 ಎಡಗಾಲುಗಳಿಗೆ ಪಾದರಕ್ಷೆ ಒದಗಿದಂತಾಯಿತು. ಬಲಗಾಲಿನವರು ಮುಂದಿನ ವರ್ಷದವರೆಗೆ ಕಾಯತಕ್ಕದ್ದು.

11. ಊರಿನ ರಬ್ಬರನ್ನೆಲ್ಲ ಅಳೆದವರು ತಮ್ಮ ಮೇಜಿನ ಮೇಲಿನ ರಬ್ಬರನ್ನು ಬಿಟ್ಟಿದ್ದೇಕೆ ಎಂದು ಮೇಲಿನಿಂದ ಪ್ರಶ್ನೆ ಬಂದ ಮೇರೆಗೆ, ಕಚೇರಿಯಲ್ಲಿದ್ದ ಆರು ಮೊಹರುಗಳನ್ನೂ, ಬರೆದದ್ದನ್ನು ಅಳಿಸುವ ಹದಿನಾಲ್ಕು ರಬ್ಬರು ತುಂಡುಗಳನ್ನೂ ಎಣಿಸಿ, ಒಂದು ಡಬ್ಬಿಯಲ್ಲಿ ಹಾಕಿ, ಅರಗಿನಿಂದ ಮುಚ್ಚಲಾಗಿದೆ. ಅರಗಿನ ಮೇಲೆ ಒತ್ತಬೇಕಾದ ಮೊಹರೂ ಡಬ್ಬಿಯೊಳಗೇ ಇದೆ. ಡಬ್ಬಿಯನ್ನು ತೆರೆಯುವವರೆಗೆ ಸಿಬ್ಬಂದಿಯವರು ತಪ್ಪು ಬರೆಯತಕ್ಕದ್ದಲ್ಲ.

12. ಇನ್ನು ತಿದ್ದುಪಡಿ ಪತ್ರದ ವಿಚಾರ. ಗುರುಸಿದ್ದಯ್ಯನವರಿಗೆ ತಮ್ಮ ತಪ್ಪು 6ನೇ ತಾರೀಖಿನ ಸಂಜೆಯೇ ಗೊತ್ತಾಗಿತ್ತು. ಆದರೂ ಹನ್ನೆರಡು ದಿನ ತುಟಿ ಬಿಚ್ಚಲಿಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದು ಕಡತ. ಬರುವ ತಿಂಗಳು ಮನೆಗೆ ಇನ್ನೊಂದು ಜೀವ ಬರುತ್ತದೆ, ಹಂಗಾಮಿಯವನ ಮಗು ಎನ್ನಿಸಿಕೊಳ್ಳುವುದು ಬೇಡ, ಇನ್ನು ಹದಿನೈದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಗೆದ್ದೆ ಎಂದುಕೊಂಡಿದ್ದರು. ಪ್ರತಿ ಸಂಜೆ ಕೆಲಸ ಮುಗಿಸಿ ಬಂದು ಉಳಿದ ಚೊಂಬುಗಳನ್ನು ತಾವೇ ಹೊತ್ತು ಹಾಕುತ್ತಿದ್ದರು. ಅವರು ಬರುವಷ್ಟರಲ್ಲಿ ಉಳಿದಿರುತ್ತಿದ್ದದ್ದು ಒಂದೋ ಎರಡೋ.

17-3-75ರ ಸೋಮವಾರ ನಡೆದದ್ದು ಕಲ್ಯಾಣಮ್ಮನವರ ಹೇಳಿಕೆಯಲ್ಲಿದೆ: "ಆ ಹುಡುಗಿ ಹನ್ನೊಂದನೇ ಚೊಂಬು ಹಿಡ್ಕೊಂಡು ಹೋಗ್ತಾ ಇದ್ಲು. ಹಾಗೇ ಗೋಡೆಗೆ ಒರಗಿ ಕೂತ್ಬಿಟ್ಳು. ಮುಖ ಬೆಳ್ಳಗಾಗೋಗಿತ್ತು. ನೀರು ಚಿಮುಕಿಸೋಣ ಅಂತ ನನ್ನ ಬಿಂದಿಗೆಯಿಂದ ಒಂದು ಚೊಂಬು ತೆಗೆದ್ರೆ, ನಿಮ್ಮ ಜವಾನ ಬಂದು ವಾಪಸ್ ಹಾಕ್ತೀರಾ ಅಮ್ಮಾ ಅಂತ ಕೇಳ್ತಾನೆ. ನಿನ್ನ ಯಜಮಾನ್ರು ಎಲ್ಲಮ್ಮಾ ಅಂತ ನಾನು ಆ ಹುಡುಗೀನ ಕೇಳಿದ್ರೆ, ಎಣಿಸೋಕೆ ಹೋಗಿದಾರೆ ಅಂದ್ಳು."

ಮಾರನೆಯ ದಿನ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಗುರುಸಿದ್ದಯ್ಯನವರು ಬಂದು ನಿಂತಿದ್ದರು. ಪತ್ರದಲ್ಲಿ ಇದ್ದದ್ದು ಇಷ್ಟೇ: 'ನಾನು ಎಣಿಸಿದ್ದು ಕಾರ್ಖಾನೆಯ ಮಾಲಲ್ಲ, ಜನರ ನೀರಿನ ಸಾಲು. ಏಳನೆಯದು ನನ್ನ ಮನೆಯದೇ. ತಪ್ಪು ನನ್ನದು. ದಯವಿಟ್ಟು ತಿದ್ದಿಕೊಳ್ಳಬೇಕು.'

13. ಈ ಪತ್ರದಿಂದ ಇಲಾಖೆಯು ಇಕ್ಕಟ್ಟಿಗೆ ಸಿಲುಕಿತು. ತಿದ್ದುಪಡಿಯನ್ನು ಒಪ್ಪಿದರೆ ಬಿಂದಿಗೆಗಳನ್ನು ಬಿಡಬೇಕು. ಆದರೆ ತಿದ್ದುಪಡಿ ಬಂದಂತಾಗುವುದರಿಂದ ಗುರುಸಿದ್ದಯ್ಯನವರ ಖಾಯಂ ಕಡತ ಮುಚ್ಚಿಹೋಗುತ್ತದೆ. ಒಪ್ಪದಿದ್ದರೆ ತಿದ್ದುಪಡಿಯೇ ಬಂದಿಲ್ಲವೆಂದಾಗಿ ಅವರು ಖಾಯಂ ಆಗುತ್ತಾರೆ. ಆದರೆ ಬಿಂದಿಗೆಗಳು ಮುಂದಿನ ಎಣಿಕೆಯವರೆಗೆ, ಅಂದರೆ 1976ರ ಮಾರ್ಚಿನವರೆಗೆ, ಇದ್ದಲ್ಲಿಯೇ ಇರಬೇಕು. ನಿಯಮಾವಳಿಯನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಓದಿದರೂ ಮೂರನೆಯ ದಾರಿ ಕಾಣಲಿಲ್ಲ. ಆದ್ದರಿಂದ ಎರಡರಲ್ಲಿ ಯಾವುದು ಬೇಕೆಂದು ಲಿಖಿತವಾಗಿ ತಿಳಿಸುವಂತೆ 20-3-75ರಂದು ಅವರಿಗೇ ಸೂಚಿಸಲಾಯಿತು.

14. ಮಾರನೆಯ ದಿನ ಮಧ್ಯಾಹ್ನ ಅವರ ಉತ್ತರ ಬಂತು. ನಾಲ್ಕು ವರ್ಷದಲ್ಲಿ ಅವರು ಅಂಕಿಯಿಲ್ಲದೆ ಬರೆದ ಮೊದಲ ಕಾಗದ ಅದು. 'ಬಿಂದಿಗೆ ಬಿಡಿ. ಕೆಲಸ ನೀವೇ ಇಟ್ಟುಕೊಳ್ಳಿ.'

ಉತ್ತರವನ್ನು ಟಪಾಲು ವಿಭಾಗಕ್ಕೆ ಕೊಟ್ಟವರು, ಅದು ಮೇಜಿನಿಂದ ಮೇಜಿಗೆ ಹೋಗುವವರೆಗೆ ಕಾಯದೆ, ನೇರವಾಗಿ ನಲ್ಲಿಯ ಬಳಿಗೆ ಹೋದರು. ಸರಿಯಾಗಿ ನಾಲ್ಕು ಗಂಟೆ. ಜವಾನರು ಕೋಲು ಅಡ್ಡ ಹಿಡಿದರು. "ಅಣ್ಣ, ಎಣಿಸಿದವನು ನಾನೇ. ಎತ್ತೋನೂ ನಾನೇ" ಎಂದು ಅವರು ಹೇಳಿದ್ದಕ್ಕೆ, ಜವಾನರ ಬಳಿ ನಿಯಮ ಇರಲಿಲ್ಲ. ಗುರುಸಿದ್ದಯ್ಯನವರು ಏಳನೆಯ ಬಿಂದಿಗೆಯನ್ನು ತುಂಬಿಸಿಕೊಂಡು ಹೆಗಲಿಗೇರಿಸಿ ಇನ್ನೂರು ಹೆಜ್ಜೆ ನಡೆದು ಮನೆಗೆ ಹೋದರು. ಅವರು ತಿರುವು ದಾಟುವ ಮೊದಲೇ ಉಳಿದ ಅರವತ್ತೂ ಎದ್ದವು. ಕಲ್ಯಾಣಮ್ಮನವರ ಪೂರಕ ಹೇಳಿಕೆ: "ಗಂಡಸು ಬಿಂದಿಗೆ ಹೊತ್ತಿದ್ದು ನೋಡಿ ನಲ್ಲಿಗೇ ನಾಚಿಕೆ ಆಗಿರ್ಬೇಕು ಸಾರ್. ಅವತ್ತು ಐದೂಕಾಲರವರೆಗೂ ನೀರು ಬಂತು."

ಹೆಚ್ಚುವರಿಯಾಗಿ ಬಂದ ಕಾಲು ಗಂಟೆಯ ನೀರಿನ ಬಗ್ಗೆ ಸಂಬಂಧಪಟ್ಟವರಿಂದ ವಿವರಣೆ ಕೇಳಲಾಗಿದೆ.

15. (ಈ ಕಂಡಿಕೆಯನ್ನು ಮೇಲಿನವರ ಸೂಚನೆಯಂತೆ ರದ್ದುಪಡಿಸಲಾಗಿದೆ. ಅಳಿಸುವ ರಬ್ಬರು ಡಬ್ಬಿಯಲ್ಲಿ ಇರುವುದರಿಂದ ಅಳಿಸಲು ಸಾಧ್ಯವಾಗಿಲ್ಲ. ಯಾರೂ ಓದತಕ್ಕದ್ದಲ್ಲ.) ಕರಡು ಬರೆದ ಅಧೀಕ್ಷಕರ ಅಭಿಪ್ರಾಯದಲ್ಲಿ, ಗುರುಸಿದ್ದಯ್ಯ ಒಳ್ಳೆಯ ಹುಡುಗ. ಮೂವತ್ತೊಂದು ವರ್ಷದ ನನ್ನ ಸೇವೆಯಲ್ಲಿ ತಪ್ಪು ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೂ ಮಾಡಿದ್ದೇನೆ. ತಪ್ಪು ನನ್ನದು ಎಂದು ಬರೆದು ಕೆಳಗೆ ಸಹಿ ಹಾಕಿದವನನ್ನು ನೋಡಿದ್ದು ಇದೇ ಮೊದಲು. ನೀರನ್ನು ತೂಗಿ ಪ್ಲಾಸ್ಟಿಕ್ ಎಂದವರು ಈ ತಿಂಗಳು ಬಡ್ತಿ ಪಡೆಯುತ್ತಿದ್ದಾರೆ. ಆ ಕಡತಕ್ಕೂ ನಾನೇ ಟಿಪ್ಪಣಿ ಬರೆಯಬೇಕು. ಹೊಟ್ಟೆ ಉರಿಯುತ್ತದೆ.

16. ಮೇಲ್ಕಂಡ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಈ ಕೆಳಕಂಡಂತೆ ಆದೇಶಿಸಲಾಗಿದೆ:

(ಅ) ಅರವತ್ತೊಂದು ಬಿಂದಿಗೆಗಳನ್ನು ಈಗಾಗಲೇ ಎತ್ತಿರುವುದಕ್ಕೆ ಘಟನೋತ್ತರ ಮಂಜೂರಾತಿ ನೀಡಲಾಗಿದೆ. ಬಳಕೆದಾರರು ಅವನ್ನು ಇನ್ನು ಮುಂದೆ ಬಿಂದಿಗೆಗಳೆಂದೇ ಭಾವಿಸಬಹುದು.

(ಆ) ಗುರುಸಿದ್ದಯ್ಯನವರ ತಿದ್ದುಪಡಿಯನ್ನು ಒಪ್ಪಲಾಗಿದೆ. ಆದರೆ ಉತ್ಪನ್ನದ ಅಂಕಿಯನ್ನು ವಹಿಯಲ್ಲಿ ಪೆನ್ಸಿಲಿನಿಂದ ಬರೆದಿದ್ದು, ಅದನ್ನು ಅಳಿಸಲು ರಬ್ಬರು ಲಭ್ಯವಿಲ್ಲ. ಗುರುಸಿದ್ದಯ್ಯನವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಶಾಯಿಯಿಂದ ಬರೆದಿದ್ದು, ಅದರ ಮೇಲೆ ಗೆರೆ ಎಳೆಯಲು ಪೆನ್ನು ಲಭ್ಯವಿದೆ. ಆದ್ದರಿಂದ ಅಂಕಿಯು ಮುಂದುವರಿಯುತ್ತದೆ. ಗುರುಸಿದ್ದಯ್ಯನವರು 31-3-75ರ ಸಂಜೆ ಸೇವೆಯಿಂದ ಬಿಡುಗಡೆ ಹೊಂದುತ್ತಾರೆ.

(ಇ) ಶ್ರೀ ಚನ್ನಮಲ್ಲಪ್ಪನವರು 22-3-75ರಂದು ಖುದ್ದಾಗಿ ಕಚೇರಿಗೆ ಬಂದು, "ಆ ಹುಡುಗನ್ನ ನಮಗೆ ಕೊಟ್ಬಿಡಿ ಸಾರ್. ಮಾಲು ಒಳಗೆ ಬಂದಿದ್ದು ಎಷ್ಟು, ಹೊರಗೆ ಹೋಗಿದ್ದು ಎಷ್ಟು ಅಂತ ನಿಜ ಹೇಳೋ ಸ್ಟೋರ್ ಕೀಪರು ಹತ್ತು ವರ್ಷದಿಂದ ಸಿಕ್ಕಿಲ್ಲ. ಗೇಟಿನ ಒಳಗಡೆ ನಿಂತ್ಕೊಂಡು ಎಣಿಸಿದ್ರೆ ಸಾಕು" ಎಂದು ಕೇಳಿಕೊಂಡಿದ್ದಾರೆ. ಇಲಾಖೆಯಿಂದ ಯಾವುದೇ ಅಭ್ಯಂತರವಿಲ್ಲ. 1-4-75ರಿಂದ ಅವರನ್ನು ಅಲ್ಲಿಗೆ ನೇಮಿಸಿಕೊಂಡಿರುವ ಪತ್ರವನ್ನು ಮಾಹಿತಿಗಾಗಿ ಸ್ವೀಕರಿಸಲಾಗಿದೆ. ಅದರಲ್ಲಿ 'ಖಾಯಂ' ಎಂಬ ಪದ ಬಳಸಿರುವುದನ್ನು ಗಮನಿಸಲಾಗಿದೆ.

(ಈ) ಇನ್ನು ಮುಂದೆ ಪ್ಲಾಸ್ಟಿಕ್ ಕಾರ್ಖಾನೆಗಳ ಉತ್ಪನ್ನವನ್ನು ಆಯಾ ಕಾರ್ಖಾನೆಯ ಸ್ಟೋರ್ ಕೀಪರರು ಸಹಿ ಮಾಡಿದ ಪಟ್ಟಿಯಿಂದಲೇ ಪಡೆಯತಕ್ಕದ್ದು. ಅದರಂತೆ 1976ರ ಮಾರ್ಚಿನಲ್ಲಿ ಈ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ರಾಜಾಜಿನಗರದ ಸದರಿ ಕಾರ್ಖಾನೆಗೆ ಹೋಗಿ, ಗೇಟಿನ ಹೊರಗೆ ನಿಂತು, ಸ್ಟೋರ್ ಕೀಪರ್ ಶ್ರೀ ಗುರುಸಿದ್ದಯ್ಯನವರಿಂದ ಅಂಕಿಯನ್ನು ಕೇಳಿ ಬರೆದುಕೊಳ್ಳತಕ್ಕದ್ದು. ಅವರು ನಿಜವನ್ನೇ ಹೇಳುವ ಸಂಭವ ಹೆಚ್ಚಾಗಿದ್ದು, ರಾಜ್ಯದ ಉತ್ಪನ್ನವು ಈ ಬಾಬಿನಲ್ಲಿ ಇಪ್ಪತ್ತೊಂದರಲ್ಲಿ ಒಂದು ಭಾಗಕ್ಕೆ ಕುಸಿಯಲಿದೆ. ಅದಕ್ಕೆ ತಕ್ಕ ಕಾರಣಗಳನ್ನು ಸಿಬ್ಬಂದಿಯವರು ಈಗಿನಿಂದಲೇ ಯೋಚಿಸಿಡುವಂತೆ ಸೂಚಿಸಲಾಗಿದೆ.

ಈ ಸುತ್ತೋಲೆಯನ್ನು ಓದಿ ನಕ್ಕವರು ನಕ್ಕದ್ದಕ್ಕೆ ಕಾರಣವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.

ಸಹಿ/-
(ವೆಂಕಟಗಿರಿ)
ಅಧೀಕ್ಷಕರು, ಮೇಲಿನವರ ಪರವಾಗಿ
(ಮೊಹರು: ಡಬ್ಬಿಯಲ್ಲಿ)

ಪ್ರತಿಗಳು:

1) ಮೇಲಿನವರಿಗೆ, ಕಂಡಿಕೆ 15ನ್ನು ಬಿಟ್ಟು ಓದಿಕೊಳ್ಳುವಂತೆ ಕೋರಿ.
2) ಶ್ರೀ ಕರಿಬಸಪ್ಪನವರು, ತಪಾಸಣಾಧಿಕಾರಿ, ಅಭಿನಂದನೆಗಳೊಂದಿಗೆ. ತಕ್ಕಡಿಯನ್ನು ಹಿಂದಿರುಗಿಸತಕ್ಕದ್ದು.
3) ಶ್ರೀ ಚನ್ನಮಲ್ಲಪ್ಪನವರು. ಬರುವ ಆಯುಧಪೂಜೆಗೆ ಕಡಲೆಪುರಿಯನ್ನು ಪೊಟ್ಟಣದಲ್ಲಿಯೇ ಕೊಡುವಂತೆ ವಿನಂತಿ.
4) ಶ್ರೀಮತಿ ಕಲ್ಯಾಣಮ್ಮನವರು, ಮೊದಲನೆಯ ಬಿಂದಿಗೆ. ಉಳಿದ ಐವತ್ತೊಂಬತ್ತು ಮಂದಿಗೆ ನಲ್ಲಿಯ ಬಳಿ ಓದಿ ಹೇಳುವುದು. ಸ್ವಂತ ಮಾತು ಸೇರಿಸತಕ್ಕದ್ದಲ್ಲ.
5) ಕಾವಲಿನ ಜವಾನರು. ಕೋಲನ್ನು ಉಗ್ರಾಣಕ್ಕೆ ಒಪ್ಪಿಸುವುದು. ಕಾಗೆಗಳಿಗೆ ಬೇರೆ ಪ್ರತಿ ಕಳಿಸಿಲ್ಲ.
6) ಶ್ರೀ ಗುರುಸಿದ್ದಯ್ಯನವರು. ಕಚೇರಿಯ ವಿಳಾಸಕ್ಕೆ ಕಳಿಸಿದಲ್ಲಿ ತಲುಪದು. ದಿನವೂ ಸಂಜೆ ನಾಲ್ಕಕ್ಕೆ ಸದರಿ ನಲ್ಲಿಯ ಬಳಿ, ಏಳನೆಯ ಜಾಗದಲ್ಲಿ ಸಿಗುತ್ತಾರೆ.
7) ಶ್ರೀಮತಿ ಶಾಂತವ್ವನವರು. ಬಿಂದಿಗೆಯ ಮೇಲಿನ ಕೆಂಪು ಸಂಖ್ಯೆಯನ್ನು ಉಜ್ಜಿ ತೆಗೆಯಲು ಅನುಮತಿ ಇದೆ. ಬರೆದವರೇ ಉಜ್ಜತಕ್ಕದ್ದು, ತಾವು ಕುಳಿತು ನೋಡಿದರೆ ಸಾಕು.